ವರ್ಚುವಲ್ ಜಾಗ ಕೊಳ್ಳುವ ಮುನ್ನ ಕರೆನ್ಸಿಯ ಲೆಕ್ಕ

ಡಿಸೆಂಟ್ರಾಲ್ಯಾಂಡ್ ಎಂಬ ಆನ್‌ಲೈನ್ ವರ್ಚುವಲ್ ಲೋಕದಲ್ಲಿ ಒಂದು ಪಾರ್ಸೆಲ್ ಎಂದರೆ 16 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ. ಅಲ್ಲಿನ ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದು ಮಾನಾ ಎಂಬ ಕ್ರಿಪ್ಟೋ ಟೋಕನ್‌ನಲ್ಲಿ. ಮಾರಿದಾಗ ಕೈಗೆ ಬರುವುದೂ ಅದೇ. ಹಾಗಾಗಿ ಜಾಗ ಏರಿತೇ ಎನ್ನುವುದರ ಜೊತೆಗೆ ಟೋಕನ್ ಏನಾಯಿತು ಎಂಬುದನ್ನೂ ನೋಡಲೇಬೇಕು.

1,000 ಮಾನಾ ಕೊಟ್ಟು ಕೊಂಡಿರಿ, ಆಗ ಒಂದು ಮಾನಾಗೆ 2 ಡಾಲರ್ ಎಂದಿಟ್ಟುಕೊಳ್ಳಿ. ಅಸಲು 2,000 ಡಾಲರ್. ಮುಂದೆ 1,500 ಮಾನಾಗೆ ಮಾರಿದಿರಿ, ಆದರೆ ಮಾನಾ 80 ಸೆಂಟ್‌ಗೆ ಇಳಿದಿದೆ. ಟೋಕನ್ ಇಡುವ ಡಿಜಿಟಲ್ ವಾಲೆಟ್‌ನಲ್ಲಿ ಶೇ. 50 ಲಾಭ ಕಾಣುತ್ತದೆ. ಡಾಲರ್‌ನಲ್ಲಿ ಸಿಕ್ಕಿದ್ದು 1,200, ಅಂದರೆ ಶೇ. 40 ನಷ್ಟ. ಮಾರುಕಟ್ಟೆ ಶುಲ್ಕ ಇನ್ನೂ ಕಳೆದಿಲ್ಲ. 2021ರ ನವೆಂಬರ್‌ನಲ್ಲಿ ಅಲ್ಲಿನ ಫ್ಯಾಷನ್ ವಲಯದ ಜಾಗವೊಂದು 6,18,000 ಮಾನಾಗೆ, ಆಗಿನ ದರದಲ್ಲಿ ಸುಮಾರು 24 ಲಕ್ಷ ಡಾಲರ್‌ಗೆ ಹೋಯಿತು. 2022ರ ಕೊನೆಗೆ ಮಾನಾ ಸುಮಾರು 30 ಸೆಂಟ್. ಅಷ್ಟೇ ಮಾನಾಗೆ ಮಾರಿದ್ದರೂ 2 ಲಕ್ಷ ಡಾಲರ್ ಹುಟ್ಟುತ್ತಿರಲಿಲ್ಲ.

ಆದ್ದರಿಂದ ಕೊಂಡ ದಿನವೇ ಮೂರು ಅಂಕಿ ಬರೆದಿಡಿ: ಟೋಕನ್‌ನಲ್ಲಿ ಬೆಲೆ, ಆ ದಿನದ ದರ, ಕಟ್ಟಿದ ಶುಲ್ಕ. ಲಾಭ ನಷ್ಟವನ್ನು ನೀವು ದಿನನಿತ್ಯ ಖರ್ಚು ಮಾಡುವ ಹಣದಲ್ಲೇ ಅಳೆಯಿರಿ. ಜಾಗ ಕೊಳ್ಳದೆ ಆ ಟೋಕನ್‌ಗಳನ್ನೇ ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದೂ ಹೋಲಿಸಿ. ಜಾಗಕ್ಕೆ ಗಿರಾಕಿ ಸಿಗುವುದು ಕಷ್ಟ, ಟೋಕನ್ ಮಾತ್ರ ನಿಮಿಷದಲ್ಲಿ ಮಾರಿಹೋಗುತ್ತದೆ. ಆ ಕಷ್ಟಕ್ಕೆ ತಕ್ಕ ಹೆಚ್ಚುವರಿ ಲಾಭ ಬರದಿದ್ದರೆ ಜಾಗ ಕೊಂಡಿದ್ದು ದಂಡ.

ಹೆಚ್ಚಿನವರು ಎಡವುವುದು ಮಾರಾಟಕ್ಕಿಟ್ಟು ಮರೆಯುವುದರಲ್ಲಿ. ಮಾನಾದಲ್ಲಿ ಬೆಲೆ ಹಾಕಿ ಬಿಟ್ಟಿದ್ದೀರಿ, ರಾತ್ರೋರಾತ್ರಿ ಟೋಕನ್ ಶೇ. 30 ಕುಸಿಯಿತು ಎನ್ನಿ: ನಿಮ್ಮ ಜಾಗವೂ ಡಾಲರ್ ಲೆಕ್ಕದಲ್ಲಿ ಅಷ್ಟೇ ಅಗ್ಗವಾಗುತ್ತದೆ, ಕಾದು ಕುಳಿತವರು ತಕ್ಷಣ ಎತ್ತಿಕೊಳ್ಳುತ್ತಾರೆ. ಮಾರಾಟದ ಲಿಸ್ಟಿಂಗ್‌ಗೆ ಹತ್ತಿರದ ಕೊನೆಯ ದಿನಾಂಕ ಹಾಕಿ, ದರ ಬದಲಾದಂತೆ ಬೆಲೆ ತಿದ್ದಿ. ಮಾರಾಟವಾದ ಕೂಡಲೇ ಡಾಲರ್‌ಗೆ ಸಮನಾಗಿ ನಿಲ್ಲುವಂತೆ ರೂಪಿಸಿದ ಯುಎಸ್‌ಡಿಸಿಯಂಥ ಸ್ಥಿರ ನಾಣ್ಯಕ್ಕೆ ಬದಲಿಸಿದರೆ ಬಂದ ಲಾಭ ಉಳಿಯುತ್ತದೆ. ಹಲವು ದೇಶಗಳಲ್ಲಿ ಪ್ರತಿ ಬದಲಾವಣೆಗೂ ತೆರಿಗೆಯ ಲೆಕ್ಕ ಕೊಡಬೇಕು, ಮೊದಲೇ ವಿಚಾರಿಸಿ. ಈ ವಹಿವಾಟು ನಡೆಯುವ ಎಥೀರಿಯಂ ಬ್ಲಾಕ್‌ಚೈನ್ ಜಾಲದಲ್ಲಿ ಗ್ಯಾಸ್ ಶುಲ್ಕ, ಅಂದರೆ ಪ್ರತಿ ವಹಿವಾಟಿನ ಶುಲ್ಕ, ಕಟ್ಟುವುದು ಆ ಜಾಲದ ನಾಣ್ಯವಾದ ಈಥರ್‌ನಲ್ಲೇ. ಅದು ಖಾಲಿಯಾದರೆ ಮಾನಾ ಎಷ್ಟಿದ್ದರೂ ಕದಲಿಸಲಾಗದು.

ಸೆಕೆಂಡ್ ಲೈಫ್ ಎಂಬ ಇನ್ನೊಂದು ವರ್ಚುವಲ್ ಲೋಕದ ಕಥೆ ಬೇರೆ. ಅಲ್ಲಿನ ಹಣವಾದ ಲಿಂಡನ್ ಡಾಲರ್ ಹೆಚ್ಚು ಏರಿಳಿಯುವುದಿಲ್ಲ. ಆದರೆ ದೊಡ್ಡ ಜಾಗಕ್ಕೆ ಪ್ರತಿ ತಿಂಗಳೂ ನಿರ್ವಹಣಾ ಶುಲ್ಕವುಂಟು. ಬಾಡಿಗೆದಾರರಿಲ್ಲದ ತಿಂಗಳಲ್ಲೂ ಅದನ್ನು ಕಟ್ಟಬೇಕು.