ಮಳೆಗಾಲದಲ್ಲೂ ಉರಿಯೋ ಗೋಬರ್ ಗ್ಯಾಸ್: ನನ್ನ ಅನುಭವ

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಹಳೇ ಮನೆಗಳ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿಗೇನೂ ಬರ ಇಲ್ಲ, ಆದ್ರೆ ಅದ್ರಲ್ಲಿ ಇವತ್ತು ಉರೀತಿರೋದು ಎಷ್ಟು ಹೇಳಿ. ಸಿಲಿಂಡರ್ ಬಂತು, ದನ ಕಮ್ಮಿ ಆದ್ವು, ಸಗಣಿ ಕಲಸೋರು ಯಾರು ಅಂತ ಒಂದೊಂದಾಗಿ ಮುಚ್ಚಿದ್ವು. ನಮ್ಮನೇದೂ ಹಂಗೇ, ಹತ್ತು ಹದಿನೈದು ವರ್ಷ ಅದರ ಮೇಲೆ ಸೌದೆ ಒಟ್ಟಿದ್ವಿ. ಅದನ್ನ ಎಬ್ಬಿಸ್ತೀನಿ ಅಂತ ನಾನು ಹೊರಟಾಗ ಮಾವ ಹೇಳಿದ್ದು ಒಂದೇ ಮಾತು, "ಮಳೆಗಾಲದಲ್ಲಿ ಅದು ಮಲಗ್ತದೆ ಮಾರಾಯ್ತಿ, ನಾವೆಲ್ಲ ನೋಡಿ ಬಿಟ್ಟಿದ್ದೇ." ಬೆಂಗಳೂರಲ್ಲಿರೋ ಮೈದುನ ಅಂತೂ, ಅತ್ತಿಗೆ ಗಿಡ್ಡ ದನ ಕಟ್ಕೊಂಡು ಗ್ಯಾಸ್ ಮಾಡ್ತಾರಂತೆ ಅಂತ ಎಲ್ರಿಗೂ ಹೇಳ್ಕೊಂಡು ನಕ್ಕಿದ್ದ. ಈಗ ಆಷಾಢದ ಜಡಿಮಳೆಯಲ್ಲೂ ನಮ್ಮನೆ ಬೆಳಗಿನ ಕಾಫಿ, ತಿಂಡಿ, ಮಧ್ಯಾಹ್ನದ ಅನ್ನ ಸಾರು ಆ ಗುಂಡಿ ಗ್ಯಾಸಲ್ಲೇ ಆಗ್ತದೆ. ಅದಕ್ಕೇ ಬರೀತಿದೀನಿ.

ಯಾಕೆ ಬೇಕಿತ್ತು ಅಂದ್ರೆ, ದುಡ್ಡಿಗಿಂತ ಮೊದ್ಲು ಮಳೆ. 2019ರ ಆಗಸ್ಟಲ್ಲಿ ಆ ಪರಿ ನೆರೆ ನೋಡಿದ್ವಿ, 2023ರಲ್ಲಿ ಮಳೆಯೇ ಕೈಕೊಟ್ಟು ಲಿಂಗನಮಕ್ಕಿ ತುಂಬಲಿಲ್ಲ, ಮರುವರ್ಷ ಜುಲೈಯಲ್ಲಿ ಸುರಿದಿದ್ದಕ್ಕೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆಯೋಕೆ ಎರಡು ದಿನದ ಬಿಸಿಲು ಸಿಗದೆ ಕೊಳೆ ರೋಗ ಬಂತು. ಭೂಮಿ ಬಿಸಿ ಏರ್ತಿರೋದು ಎಲ್ಲೋ ದೂರದ ಸಮಾಚಾರ ಅಂತ ತೋಟ ಇಟ್ಕೊಂಡೋರು ಯಾರೂ ಹೇಳಂಗಿಲ್ಲ. ನನ್ನ ಕೈಲಿ ಇರೋದು ಒಂದು ಅಡುಗೆ ಮನೆ, ಒಂದು ಕೊಟ್ಟಿಗೆ, ಒಂದು ಬಚ್ಚಲು. ಅಲ್ಲಿಂದ ಏನಾಗ್ತದೋ ಅದನ್ನ ಮಾಡೋಣ ಅಂತ ಶುರು ಮಾಡಿದ್ದು.

ನಮ್ದು ದೀನಬಂಧು ಮಾದರಿ, ಅಂದ್ರೆ ಮಣ್ಣೊಳಗೆ ಕಟ್ಟಿದ ಗುಮ್ಮಟದಲ್ಲೇ ಗ್ಯಾಸ್ ನಿಲ್ಲೋದು, ದಿನಕ್ಕೆ ಎರಡು ಕ್ಯೂಬಿಕ್ ಮೀಟರ್ ಗ್ಯಾಸಿಂದು. ಪುಣ್ಯಕ್ಕೆ ಕಬ್ಬಿಣದ ಡ್ರಮ್ ಇರೋದಲ್ಲ, ಅದಾಗಿದ್ರೆ ನಮ್ಮ ಮಳೆಗೆ ತುಕ್ಕು ಹಿಡಿದು ಯಾವತ್ತೋ ಉದುರ್ತಿತ್ತು. ಲೆಕ್ಕದ ಪ್ರಕಾರ ಎರಡು ಕ್ಯೂಬಿಕ್‌ಗೆ ದಿನಕ್ಕೆ 50 ಕೆಜಿ ಸಗಣಿ ಬೇಕು. ನಮ್ಮಲ್ಲಿರೋದು ಮೂರು ಮಲೆನಾಡು ಗಿಡ್ಡ, ಒಂದು ಜರ್ಸಿ ಕ್ರಾಸು. ಗಿಡ್ಡ ಹಗಲೆಲ್ಲ ಬೆಟ್ಟದಲ್ಲಿ ಮೇಯ್ತಾವೆ, ರಾತ್ರಿ ಕೊಟ್ಟಿಗೇಲಿ ಹಾಕಿದ್ದಷ್ಟೇ ನಮಗೆ. ಎಲ್ಲ ಸೇರಿ 25ರಿಂದ 30 ಕೆಜಿ. ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಅಂತ ಹಿಡಿದ್ರೆ ಒಂದು ಕ್ಯೂಬಿಕ್ ಮೀಟರ್ ಆಯ್ತು, ನಾಲ್ಕು ಜನರ ಅಡುಗೆಗೆ ಅಷ್ಟು ಸಾಕು. ಹಾಗಾಗಿ ಸಗಣಿ ಸಾಲಲ್ಲ ಅನ್ನೋದು ನೆಪ ಅಷ್ಟೇ, ಗುಂಡಿ ಅರ್ಧ ಶಕ್ತಿಲಿ ಓಡಿದ್ರೂ ನಡೀತದೆ.

ಮೊದಲ ವರ್ಷ ಗುಂಡಿ ಖಾಲಿ ಮಾಡ್ಸಿ, ಒಳಗೆ ಗಾರೆ ಮಾಡ್ಸಿ, ಹೊಸ ಪೈಪು ಎಳೆದು, ಬೇಸಿಗೇಲಿ ಸೊಗಸಾಗಿ ಉರೀತು. ಆರಿದ್ರಾ ಮಳೆವರೆಗೂ ತೊಂದ್ರೆ ಇರ್ಲಿಲ್ಲ. ಜುಲೈಯಲ್ಲಿ ಪುನರ್ವಸು ಹಿಡಿದ ಮೇಲೆ ಉರಿ ಇಳೀತಾ ಇಳೀತಾ ಕೊನೆಗೆ ಹಾಲು ಕಾಯೋಕೂ ಆಗದಷ್ಟಾಯ್ತು. ಮಾವ ಏನೂ ಅನ್ನಲಿಲ್ಲ, ಸಿಲಿಂಡರ್ ಬುಕ್ ಮಾಡಿದ್ರು. ಆಮೇಲೆ ನಾನು ಮಾಡದೇ ಬಿಟ್ಟಿದ್ದೇ ಇಲ್ಲ: ಸಗಣಿಗೆ ಬಿಸಿನೀರು ಹಾಕಿ ಕಲಸಿದೆ, ಎರಡು ದಿನ ಚೂರು ಏರಿ ಮತ್ತೆ ಅದೇ ಕತೆ. ಕಪ್ಪು ಟಾರ್ಪಾಲ್ ಹೊದಿಸಿದೆ, ಬಿಸಿಲೇ ಇಲ್ಲದಾಗ ಕಪ್ಪಾದ್ರೇನು ಬಿಳಿಯಾದ್ರೇನು. ಪಕ್ಕದ ಮನೆಯಿಂದ ಸಗಣಿ ತಂದು ಜಾಸ್ತಿ ಹಾಕಿದೆ, ಅದಕ್ಕೂ ಜಗ್ಗಲಿಲ್ಲ. ಗಾರೆಯೋನನ್ನ ಮತ್ತೆ ಕರೆಸಿ, ಗುಮ್ಮಟದ ಮೇಲಿನ ಮಣ್ಣು ತೆಗೆಸಿ, ಸೋಪಿನ ನೀರು ಹಚ್ಚಿ ನೋಡಿದ್ರೆ ಪೈಪಿನ ಬುಡದಲ್ಲಿ ಗುಳ್ಳೆ ಏಳ್ತಿತ್ತು. ಅದನ್ನ ಮುಚ್ಚಿಸಿದ್ದರಿಂದ ಸ್ವಲ್ಪ ಅನುಕೂಲ ಆಯ್ತು, ಪೂರ್ತಿ ಆಗಲಿಲ್ಲ.

ಆಮೇಲೆ ಒಂದು ಥರ್ಮಾಮೀಟರ್‌ಗೆ ದಾರ ಕಟ್ಟಿ ಸ್ಲರಿ (ಗ್ಯಾಸ್ ಬಿಟ್ಟು ಉಳಿಯೋ ಸಗಣಿ ಗಂಜಿ) ಹೊರಗೆ ಬರೋ ತೊಟ್ಟಿ ಕಡೆಯಿಂದ ಇಳಿಬಿಟ್ಟೆ. 21, 22 ಡಿಗ್ರಿ ತೋರಿಸ್ತು. ಗ್ಯಾಸ್ ಮಾಡೋ ಜೀವಾಣುಗಳಿಗೆ 30ರಿಂದ 37 ಇದ್ರೆ ಖುಷಿ, ಕೆಳಗೆ ಇಳಿದಂಗೆ ನಿಧಾನ ಆಗ್ತಾವೆ, ಇದು ನಿಮಗೆಲ್ಲ ಗೊತ್ತಿರೋದೇ. ಪ್ರಶ್ನೆ ಏನಪ್ಪಾ ಅಂದ್ರೆ, ಏಳಡಿ ಆಳದ ಮಣ್ಣೊಳಗಿರೋ ಗುಂಡಿಗೆ ಈ ಥಂಡಿ ಎಲ್ಲಿಂದ ಬಂತು? ಗಾಳಿ ಥಂಡಿ ಅಷ್ಟು ಬೇಗ ಒಳಗೆ ಇಳಿಯಲ್ಲ. ತೋಟಕ್ಕೆ ಹೋಗಿ ಬಸಿಗಾಲುವೆ ನೋಡ್ತಾ ನಿಂತಾಗ ಹೊಳೀತು, ಜಲ! ಪುನರ್ವಸು ಹೊತ್ತಿಗೆ ನಮ್ಮಲ್ಲಿ ಜಲ ಏಳ್ತದಲ್ಲ, ಅಂದ್ರೆ ನೆಲದೊಳಗಿನ ನೀರು ಮೇಲಕ್ಕೆ ಬರ್ತದಲ್ಲ, ಬಚ್ಚಲ ಹಿಂದೆ ನೆಲದಲ್ಲೇ ಒರತೆ ಬರ್ತದೆ, ಗುಂಡಿ ಇರೋದು ಅದೇ ಸಾಲಲ್ಲಿ. ಅಂದ್ರೆ ನಮ್ಮ ಗೋಬರ್ ಗ್ಯಾಸು ಮೂರು ತಿಂಗಳು ಹರಿಯೋ ತಣ್ಣೀರಲ್ಲಿ ಕೂತಿರ್ತದೆ, ಜ್ವರ ಬಂದೋರನ್ನ ಹೊಳೇಲಿ ಕೂರಿಸಿ ಕಷಾಯ ಕುಡಿಸಿದಂಗಾಯ್ತು ನಾನು ಮಾಡ್ತಿದ್ದ ಬಿಸಿನೀರಿನ ಉಪಚಾರ.

ಅಡಿಕೆ ಬುಡ ಥಂಡಿ ಆಗ್ಬಾರ್ದು ಅಂತ ಬಸಿಗಾಲುವೆ ತೆಗೀತೀವಿ, ಗುಂಡಿಗೂ ಅದನ್ನೇ ಮಾಡಿದ್ರಾಯ್ತು. ಬೇಸಿಗೇಲಿ ಗುಂಡಿಯಿಂದ ಇಳಿಜಾರಿನ ಮೇಲ್ಗಡೆ ಅರ್ಧಚಂದ್ರದಾಕಾರದಲ್ಲಿ, ನಾಲ್ಕಡಿ ದೂರ ಬಿಟ್ಟು, ಗುಂಡಿ ತಳಕ್ಕಿಂತ ಒಂದು ಗೇಣು ಕೆಳಗೆ ಕಾಲುವೆ ಹೊಡೆಸಿ, ಜಂಬಿಟ್ಟಿಗೆ ಕಲ್ಲಿನ ಚೂರು ತುಂಬಿ, ನೀರನ್ನ ಕೆಳಗಿನ ತೋಟದ ಕಾಲುವೆಗೆ ಬಿಟ್ಟೆ. ನಮ್ಮ ಹಿತ್ತಲು ಇಳಿಜಾರು, ಹಾಗಾಗಿ ಆಯ್ತು. ಸಮತಟ್ಟು ಜಾಗದೋರಿಗೆ ಇದು ಕಷ್ಟ. ಇನ್ನೊಂದು, ಗುಂಡಿಗೆ ತೀರಾ ಹತ್ತಿರ ಅಗೀಬೇಡಿ, ಗೋಡೆಗೆ ಮಣ್ಣಿನ ಆಸರೆ ತಪ್ಪಿದ್ರೆ ಸೀಳು ಬಿಡ್ತದೆ.

ಗುಮ್ಮಟದ ಮೇಲೆ ಎರಡಡಿ ದಪ್ಪ ಅಡಿಕೆ ಸಿಪ್ಪೆ, ದರಕು (ಒಣಗಿದ ಎಲೆ), ಸ್ಲರಿ ಪದರ ಪದರವಾಗಿ ಹಾಕಿ, ಮೇಲೊಂದು ತಗಡಿನ ಮಾಡು ಮಾಡಿದೆ. ಸಿಪ್ಪೆ ಕೊಳೆಯೋವಾಗ ಬಿಸಿ ಹುಟ್ಟತ್ತೆ, ಕೈ ಹಾಕಿದ್ರೆ ಗೊತ್ತಾಗ್ತದೆ. ನಮ್ಮಲ್ಲಿ ಎಷ್ಟೋ ಜನ ಸಿಪ್ಪೆನ ರಸ್ತೆ ಪಕ್ಕ ಸುರಿದು ಬೆಂಕಿ ಹಾಕ್ತಾರೆ, ವಾರಗಟ್ಟಲೆ ಹೊಗೆ. ಅದೇ ಸಿಪ್ಪೆ ನನಗೆ ಮಳೆಗಾಲದ ಕಂಬಳಿ, ಬೇಸಿಗೆಗೆ ಗೊಬ್ಬರ. ಪದರದ ಮಧ್ಯೆ ಇನ್ನೊಂದು ವಸ್ತು ಹಾಕ್ತೀನಿ, ಅದರಿಂದ ಬಿಸಿ ಬೇಗ ಆರಲ್ಲ. ಅದನ್ನ ಇಲ್ಲಿ ಬರೆಯಲ್ಲ, ಮನೆಗೆ ಬಂದೋರಿಗೆ ತೋರಿಸ್ತೀನಿ. ಆ ವರ್ಷ ಪುನರ್ವಸು, ಪುಷ್ಯ ಎರಡೂ ಮಳೆಯಲ್ಲಿ ಥರ್ಮಾಮೀಟರ್ 26ರ ಆಸುಪಾಸು ನಿಂತಿತ್ತು. ಬೇಸಿಗೆಯ ಮುಕ್ಕಾಲು ಪಾಲು ಗ್ಯಾಸ್ ಬಂತು. ಮಾವ ಒಂದಿನ ತಾವೇ ಒಲೆ ಹಚ್ಚಿ ಕಾಫಿ ಮಾಡ್ಕೊಂಡು ಕುಡಿದ್ರು, ನನಗೆ ಅಷ್ಟೇ ಬೇಕಿತ್ತು.

ಮಳೆಗಾಲದಲ್ಲಿ ಪೈಪಿನೊಳಗೆ ನೀರು ಕಟ್ಟೋದು ಬೇರೆ ತಲೆನೋವು. ಉರಿ ಕುಣಿಯೋಕೆ ಶುರುವಾದ್ರೆ ಗ್ಯಾಸ್ ಕಮ್ಮಿ ಆಯ್ತು ಅಂತ ಹೆದರ್ಬೇಡಿ, ತಗ್ಗಲ್ಲಿರೋ ವಾಲ್ವ್ ಬಿಚ್ಚಿ ನೀರು ಬಿಡಿ.

ಹಲಸಿನ ಕತೆ ಹೇಳ್ಬೇಕು. ಮೇ ತಿಂಗಳಲ್ಲಿ ಹಪ್ಪಳ ಮಾಡಿದ ಮೇಲೆ ರಾಶಿ ಸಿಪ್ಪೆ, ಹಣ್ಣಾಗಿ ಬಿದ್ದಿದ್ದು ಬೇರೆ. ಸಿಹಿ ಪದಾರ್ಥದಲ್ಲಿ ಗ್ಯಾಸ್ ಜಾಸ್ತಿ ಅಂತ ಕೇಳಿದ್ದೆ, ಕೊಚ್ಚಿ ಹಾಕಿದೆ. ಗ್ಯಾಸೇನೋ ಬುಸುಬುಸು ಬಂತು, ಆದ್ರೆ ಹತ್ತಿಕೊಳ್ಳಲ್ಲ! ಒಳಗೆ ಹುಳಿಯಾಗಿ ಬರೀ ಕಾರ್ಬನ್ ಡೈ ಆಕ್ಸೈಡ್ ಬರ್ತಿತ್ತು. ಬೋರ್ಡೋಗೆ ಅಂತ ಇಟ್ಟಿರ್ತೀವಲ್ಲ ಹುಳಿ ಎಷ್ಟಿದೆ ಅಂತ ತೋರ್ಸೋ ಪಿಎಚ್ ಪೇಪರ್, ಅದನ್ನ ಸ್ಲರಿಗೆ ಅದ್ದಿದ್ರೆ 7ರ ಹತ್ತಿರ ಇರ್ಬೇಕಾದ್ದು 6ಕ್ಕಿಂತ ಕೆಳಗೆ. ಸುಮಾರು ಹತ್ತು ದಿನ ಏನೂ ಹಾಕದೆ, ಸುಣ್ಣದ ತಿಳಿ ಸ್ವಲ್ಪ ಸ್ವಲ್ಪ ಬಿಟ್ಟು, ಆಮೇಲೆ ಸಗಣಿ ಶುರು ಮಾಡಿದ ಮೇಲೆ ಸರಿ ಹೋಯ್ತು. ಈಗ ದಿನಕ್ಕೆ ಒಂದು ಬುಟ್ಟಿ ಮೀರಿಸಲ್ಲ, ಅಷ್ಟಾದ್ರೆ ಒಳ್ಳೇದೇ ಆಗ್ತದೆ. ಅಡಿಕೆ ಬೇಯಿಸೋಕೂ ಗ್ಯಾಸ್ ಹಚ್ಚಿ ನೋಡಿದೆ, ಒಂದು ಹಂಡೆ ಕುದಿ ಬರೋಷ್ಟರಲ್ಲಿ ಗುಮ್ಮಟ ಖಾಲಿ. ಅದಕ್ಕೆ ಸೌದೆನೇ ಸೈ, ಒಲೆಗೆ ಬಾಗಿಲು, ತಳಕ್ಕೆ ಜಾಲರಿ, ಹೊಗೆ ಹೋಗೋಕೆ ಗೂಡು ಕಟ್ಟಿಸಿದ್ರೆ ಸೌದೆ ಅರ್ಧಕ್ಕೆ ಇಳೀತದೆ. ಬಚ್ಚಲ ಒಲೆಗೂ ಅದನ್ನೇ ಮಾಡ್ಸಿದೀನಿ. ಮೊದ್ಲು ಮಳೆಗಾಲ ಪೂರ್ತಿ ಹಗಲೆಲ್ಲ ಮರದ ಕುಂಟೆ ಉರೀತಾ ಇರ್ತಿತ್ತು, ಈಗ ಬೆಳಗ್ಗೆ ಎರಡು ತಾಸು ಅಡಿಕೆ ಸೋಗೆ, ಹಾಳೆ ಹಾಕಿದ್ರೆ ಸಂಜೆವರೆಗೂ ಹಂಡೆ ನೀರು ಬಿಸಿ. ಸೊಪ್ಪಿನ ಬೆಟ್ಟದಿಂದ ಮರ ತರೋದು ನಿಂತಿದೆ ಅನ್ನೋದೇ ನನಗೆ ದೊಡ್ಡ ಸಮಾಧಾನ, ಆ ಬೆಟ್ಟ ಬೋಳಾದ್ರೆ ಕೆಳಗಿನ ಕೆರೆಗೆ ನೀರೆಲ್ಲಿಂದ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು: ಖಾಲಿ ಮಾಡ್ಸೋಕೆ 5 ಸಾವಿರ, ಗಾರೆ ಎರಡು ಸಲ ಸೇರಿ 9, ಪೈಪು ವಾಲ್ವು ಒಲೆ 5, ಕಾಲುವೆಗೆ 8, ತಗಡಿನ ಮಾಡು 6. ಹತ್ರ ಹತ್ರ 33 ಸಾವಿರ. ಹೊಸದೇ ಕಟ್ಟಿಸಿ ಅಂತ ಒಬ್ರು 70 ಸಾವಿರ ಹೇಳಿದ್ರು, ಅದೂ ಜಲದ ವಿಚಾರ ಕೇಳಿದ್ರೆ ಅವರಿಗೆ ತಲೆಬುಡ ಗೊತ್ತಿಲ್ಲ. ವರ್ಷಕ್ಕೆ ಒಂಬತ್ತೋ ಹತ್ತೋ ಸಿಲಿಂಡರ್ ಬೇಕಿತ್ತು, ಈಗ ಎರಡು ಮೂರು. 14.2 ಕೆಜಿಯ ಏಳು ಸಿಲಿಂಡರ್ ಅಂದ್ರೆ ನೂರು ಕೆಜಿ ಎಲ್‌ಪಿಜಿ, ಕೆಜಿಗೆ ಮೂರು ಕೆಜಿ ಕಾರ್ಬನ್ ಡೈ ಆಕ್ಸೈಡ್ ಹಿಡಿದ್ರೆ 300 ಕೆಜಿ ಹೊಗೆ ನಮ್ಮ ಒಂದೇ ಅಡುಗೆಮನೆಯಿಂದ ತಪ್ಪಿತು. ರೂಪಾಯಿ ಲೆಕ್ಕದಲ್ಲಿ ಆರು ಸಾವಿರ ಚಿಲ್ರೆ. ನಿಜವಾದ ಲಾಭ ಸ್ಲರಿ, ಬಯಲುಸೀಮೆಯಿಂದ ಬರೋ ಕುರಿ ಗೊಬ್ಬರ ಅರ್ಧ ಲೋಡು ಕಮ್ಮಿ ತರಿಸ್ತಿದೀವಿ, ಅಲ್ಲೇ ಹತ್ತು ಸಾವಿರ ಉಳೀತು.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಈ ಗ್ಯಾಸಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿನ ಬಿಸಿ ಮಾಡ್ತದೆ. ಸೋರೋ ಗುಂಡಿ ಇಟ್ಕೊಂಡು ನಾನು ಪರಿಸರ ಉಳಿಸ್ದೆ ಅಂದ್ರೆ ಅದು ಸುಳ್ಳು. ವರ್ಷಕ್ಕೊಮ್ಮೆ ಸೋಪಿನ ನೀರು ಹಚ್ಚಿ ನೋಡಲೇಬೇಕು. ಏಪ್ರಿಲ್, ಮೇನಲ್ಲಿ ಗ್ಯಾಸ್ ಮಿಕ್ಕಿದ್ರೆ ತೊಟ್ಟಿ ಕಡೆಯಿಂದ ಗುಳುಗುಳು ಹೊರಗೆ ಹೋಗೋಕೆ ಬಿಡ್ಬೇಡಿ, ದನಕ್ಕೆ ಹುರುಳಿ ಬೇಯಿಸಿ, ನೀರು ಕಾಯಿಸಿ, ಏನೂ ಇಲ್ಲದಿದ್ರೆ ಸುಮ್ನೆ ಒಲೆ ಉರಿಸಿ, ಅದೇ ವಾಸಿ. ತಿಪ್ಪೇಲಿ ಮಳೆನೀರು ನಿಂತು ಕೊಳೆಯೋ ಸಗಣಿಯಿಂದ ಬರೋದೂ ಇದೇ ಮೀಥೇನು, ಅದನ್ನ ಗುಂಡಿಗೆ ಹಾಕಿ ಉರಿಸಿದ್ರೆ ಎರಡೂ ಕಡೆ ಉಳಿತಾಯ.

ನಮ್ಮೂರಲ್ಲಿ ಈಗ ಇನ್ನೂ ಎರಡು ಮನೆಯೋರು ಹಳೇ ಗುಂಡಿ ತೆಗೆಸ್ತೀವಿ ಅಂತಿದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಖಾಲಿ ಮಾಡೋದು ಫೆಬ್ರವರಿ, ಮಾರ್ಚಲ್ಲಿ, ಜಲ ಪೂರ್ತಿ ಇಳಿದ ಮೇಲೆ. ಜಲ ಇರೋವಾಗ ಖಾಲಿ ಗುಂಡಿಗೆ ಹೊರಗಿನ ನೀರಿನ ಒತ್ತಡ ಬಿದ್ದು ಒಡೀತದೆ. ಮುಚ್ಚಳ, ಪೈಪು ಎಲ್ಲ ತೆಗೆದು ಕೆಲವು ದಿನ ಹಾಗೇ ಬಿಡಿ, ಬ್ಲೋವರ್ ಸಿಕ್ಕಿದ್ರೆ ಗಾಳಿ ಊದಿಸಿ, ದೀಪ ಇಳಿಸಿ ಪರೀಕ್ಷೆ ಮಾಡೋ ಹಳೇ ಪದ್ಧತಿ ಖಂಡಿತ ಬೇಡ, ಮೀಥೇನ್ ಇದ್ರೆ ಸ್ಫೋಟ ಆಗ್ತದೆ. ಆದಷ್ಟೂ ಮೇಲಿಂದಲೇ ಬಕೆಟ್‌ಲಿ ಎತ್ತಿ. ಇಳೀಲೇಬೇಕು ಅಂದ್ರೆ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತೇ ಇರ್ಬೇಕು, ಒಳಗಿದ್ದೋನಿಗೆ ತಲೆ ಸುತ್ತಿದ್ರೆ ಹಗ್ಗ ಎಳೀಬೇಕೇ ಹೊರತು ಇನ್ನೊಬ್ಬ ಇಳೀಬಾರ್ದು.