ಕಾರಿನ ಪಾಲಿಶ್: ಕೈ ಹಗುರ ಇರಲಿ

ಹೊಸಪೇಟೆಯಲ್ಲಿ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳು ನಾನು. ಸಂಡೂರಿನ ಕಡೆಯಿಂದ ಅದಿರು ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲ ಅದು. ಸಂಜೆ ತೊಳೆದಿಟ್ಟ ಕಾರು ಬೆಳಿಗ್ಗೆ ಕೆಂಪಗಾಗಿರುತ್ತಿತ್ತು. ಎಲ್ಲರೂ ಮಾಡುತ್ತಿದ್ದದ್ದು ಒಂದೇ. ಒಂದು ಒಣಬಟ್ಟೆ ತಗೊಂಡು ಬಾನೆಟ್ ಮೇಲೆ ಎಳೆಯುವುದು. ಆ ಕೆಂಪು ಧೂಳು ಏನು ಅಂತ ಯಾರೂ ಯೋಚಿಸುತ್ತಿರಲಿಲ್ಲ. ಅದು ಕಬ್ಬಿಣದ ಅದಿರು, ಅಂದರೆ ಕಬ್ಬಿಣದ ಆಕ್ಸೈಡು. ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಇದೇ ಜಾತಿಯದು. ಆದರೆ ಅದನ್ನು ನುಣ್ಣಗೆ ಅರೆದಿರುತ್ತಾರೆ. ಲಾರಿಯಿಂದ ಹಾರಿ ಬಂದದ್ದು ತರಿತರಿ. ಒಣಬಟ್ಟೆಯಲ್ಲಿ ಒರೆಸಿದಾಗೆಲ್ಲ ನಾವು ಕಾರಿಗೆ ಉಪ್ಪುಕಾಗದ ಹಾಕಿ ತಿಕ್ಕುತ್ತಿದ್ದೆವು, ಅಷ್ಟೇ.

ನಿಮ್ಮೂರಲ್ಲಿ ಅದಿರು ಇಲ್ಲದಿರಬಹುದು. ರಸ್ತೆಯ ಮಣ್ಣಿನಲ್ಲಿ ಮರಳಿನ ಕಣ ಇದ್ದೇ ಇರುತ್ತದೆ. ನಿಮ್ಮ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ಓರೆಯಾಗಿ ನೋಡಿ. ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೆರೆ ಕಂಡರೆ ಅದು ಬಟ್ಟೆ ಮಾಡಿದ ಕೆಲಸ. ಆ ಗೆರೆ ತೆಗೆಯಲಿಕ್ಕೆ ಜನ ಪಾಲಿಶ್ ಮಾಡಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

ನಮ್ಮ ಯಜಮಾನರ ಹಳೆಯ ಅಂಬಾಸಡರ್‌ಗೆ ಬಣ್ಣವೇ ಮೇಲಿನ ಪದರ. ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಗೆ ನೀಲಿ ಹತ್ತುತ್ತಿತ್ತು, ಕೆಳಗೆ ಇನ್ನೂ ನೀಲಿಯೇ ಇರುತ್ತಿತ್ತು. ಈಗಿನ ಹೆಚ್ಚಿನ ಕಾರುಗಳು ಹಾಗಲ್ಲ. ತಗಡಿನ ಮೇಲೆ ಪ್ರೈಮರ್ ಅನ್ನುವ ತಳದ ಪದರ, ಅದರ ಮೇಲೆ ತೆಳ್ಳಗೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಗಾಜಿನಂಥ ಒಂದು ಪದರ. ಅದಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಹೊಳಪು ಕೊಡುವುದೂ ಅದೇ, ಬಿಸಿಲು ಮಳೆ ತಡೆದು ಬಣ್ಣ ಕಾಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅಂದರೆ ಒಂದು ಮೈಕ್ರಾನ್). ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಕೂದಲಿಗಿಂತ ತೆಳುವಾದ ಪದರವನ್ನು ನಾವು ಮೆಷಿನ್ ಹಿಡಿದು ಉಜ್ಜುತ್ತಿದ್ದೇವೆ ಅನ್ನುವುದು ನೆನಪಿರಲಿ. ಪಾಲಿಶ್ ಮಾಡುವುದು ಅಂದರೆ ಗೆರೆ ತುಂಬುವುದಲ್ಲ. ಗೆರೆಯ ಸುತ್ತಲಿನ ಪದರವನ್ನು ಗೆರೆಯ ಆಳಕ್ಕೆ ಸವೆಸುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಇದು ನನಗೆ ತಡವಾಗಿ ಗೊತ್ತಾಯಿತು. ಅಂಬಾಸಡರ್ ಆದಮೇಲೆ ಕೊಂಡ ಕೆಂಪು ಕಾರಿಗೆ ಎರಡು ವರ್ಷದಲ್ಲಿ ಮೂರು ಸಲ ರಬ್ಬಿಂಗ್, ಅಂದರೆ ಮೆಷಿನ್ ಪಾಲಿಶ್, ಮಾಡಿಸಿದೆವು. ಸರ್ವಿಸ್‌ಗೆ ಬಿಟ್ಟಾಗೆಲ್ಲ "ಪಾಲಿಶ್ ಹಾಕ್ಲಾ ಮೇಡಂ" ಅನ್ನುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಮೂರನೇ ಸಲ, ಮಗನ ಮದುವೆ ಹೊತ್ತಿಗೆ, ಬಾನೆಟ್ಟಿನ ಅಂಚಿನಲ್ಲಿ ಮೆಷಿನ್ ಜಾಸ್ತಿ ಹೊತ್ತು ನಿಂತಿರಬೇಕು. ಬೇಸಿಗೆ ಮುಗಿಯುವಷ್ಟರಲ್ಲಿ ಅಲ್ಲಿ ಬಿಳಿ ಮಚ್ಚೆ ಬಂತು. ಆಮೇಲೆ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸಿಪ್ಪೆ ಏಳತೊಡಗಿತು. ಪೇಂಟರ್ ನೋಡಿ, "ಅಮ್ಮಾ, ಇದಕ್ಕೆ ಯಾವ ಪಾಲಿಶೂ ಇಲ್ಲ, ಪೂರ್ತಿ ಬಾನೆಟ್ಟಿಗೆ ಪೇಂಟ್ ಹೊಡೀಬೇಕು" ಅಂದ. ಕಂಪನಿಯ ಮೂಲ ಪೇಂಟ್ ಹೋಯಿತಲ್ಲ ಅಂತ ಬಹಳ ದಿನ ಬೇಜಾರಿತ್ತು.

ಆದ್ದರಿಂದ ಮೊದಲು ತೊಳೆಯುವುದನ್ನು ಸರಿ ಮಾಡಿಕೊಳ್ಳಿ. ಕಾರು ಮುಟ್ಟುವ ಮುಂಚೆ ಪೈಪಿನಲ್ಲಿ ಧಾರಾಳವಾಗಿ ನೀರು ಬಿಟ್ಟು ಮಣ್ಣು ಇಳಿಸಿ. ನೀರಿಗೆ ಬರ ಇದ್ದರೆ ಚೆಂಬಿನಲ್ಲಿ ಮೇಲಿನಿಂದ ಸುರಿಯಿರಿ, ಸಾಕು. ಎರಡು ಬಕೆಟ್ ಇರಲಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂವಿಗೆ ಅದ್ದಿ. ಟಾಪ್‌ನಿಂದ ಶುರು ಮಾಡಿ ಕೆಳಗೆ ಬನ್ನಿ. ಚಕ್ರಕ್ಕೆ ಬೇರೆಯೇ ಬಟ್ಟೆ. ಪಾತ್ರೆ ತೊಳೆಯುವ ಸೋಪು ಬೇಡ, ಬಣ್ಣ ಕಾಯಲು ಹಾಕಿದ ವ್ಯಾಕ್ಸ್ (ಮೇಣ) ಎಲ್ಲ ತೊಳೆದುಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಕಾರು ಒರೆಸಲು ಬರುವ ಹುಡುಗ ಒಂದೇ ಬಕೆಟ್ಟಿನಲ್ಲಿ ಇಪ್ಪತ್ತು ಕಾರು ಒರೆಸುತ್ತಾನೆ. ಅವನಿಗೆ ಒಂದು ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ಕೊಡಿ. ಗಾಜು ಮಾತ್ರ ದಿನಾ ಒರೆಸಪ್ಪ, ಬಾಡಿ ವಾರಕ್ಕೊಮ್ಮೆ ನೀರು ಹಾಕಿ ತೊಳೆ ಸಾಕು ಅನ್ನಿ. ಅವನಿಗೂ ಕೆಲಸ ಕಡಿಮೆ.

ತೊಳೆದು ಒಣಗಿದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಸವರಿ ನೋಡಿ. ಬರಿಗೈಗೆ ಗೊತ್ತಾಗದ ಒರಟು ಆಗ ಗೊತ್ತಾಗುತ್ತದೆ. ಅದು ಅಂಟಿಕೊಂಡ ಕಣ. ಅದಕ್ಕೆ ಕ್ಲೇ ಬಾರ್ ಅಂತ ಜೇಡಿಮಣ್ಣಿನ ಹಾಗೆ ಮೆತ್ತಗಿನ ತುಂಡು ಸಿಗುತ್ತದೆ. ನೀರಿಗೆ ಸ್ವಲ್ಪ ಶಾಂಪೂ ಬೆರೆಸಿ ಚಿಮುಕಿಸಿ, ಜಾರುವ ಹಾಗೆ ಮೆಲ್ಲಗೆ ಆಡಿಸಿ, ಒತ್ತಬೇಡಿ. ಆ ತುಂಡು ಕೈಜಾರಿ ನೆಲಕ್ಕೆ ಬಿತ್ತೋ, ಎಸೆದುಬಿಡಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಇದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಕಾರು ಹೊಳೆಯುತ್ತದೆ, ಪಾಲಿಶ್ ಬೇಕಾಗುವುದೇ ಇಲ್ಲ.

ಬೇಕೇ ಬೇಕು ಅಂದರೆ ಅಂಗಡಿಯಲ್ಲಿ ಸಿಗುವ ಮೂರು ಡಬ್ಬಿಯ ವ್ಯತ್ಯಾಸ ತಿಳಿದುಕೊಳ್ಳಿ. ಕಾಂಪೌಂಡ್ ಜೋರಾಗಿ ಕೊರೆಯುತ್ತದೆ. ಪಾಲಿಶ್ ನಿಧಾನವಾಗಿ ಸವೆಸುತ್ತದೆ. ಬರೀ ವ್ಯಾಕ್ಸ್ ಸವೆಸುವುದಿಲ್ಲ, ಮೇಲೆ ಕೂತು ಕಾಯುತ್ತದೆ. ಮೊದಲು ಅತಿ ಮೆತ್ತಗಿನ ಪಾಲಿಶ್ ತಗೊಂಡು ಅಂಗೈ ಅಗಲದ ಜಾಗದಲ್ಲಿ ಹಚ್ಚಿ ನೋಡಿ. ಅಲ್ಲಿ ಗೆರೆ ಹೋದರೆ ಕಾಂಪೌಂಡ್ ಯಾಕೆ? ಗೀರಿನ ಮೇಲೆ ಉಗುರು ಎಳೆದಾಗ ಉಗುರು ಸಿಕ್ಕಿಕೊಂಡರೆ ಅದು ಪಾಲಿಶಿಗೆ ಹೋಗುವ ಆಳವಲ್ಲ. ಅದಕ್ಕೆ ಟಚಪ್ ಬಣ್ಣ ಹಚ್ಚಿ ಸುಮ್ನೆ ಬಿಡಿ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂತ ಹೇಳುವವರು ಬಹಳ ಜನ. ಅದರ ಪುಡಿ ಹಲ್ಲಿಗೆ ಅಂತ ಮಾಡಿದ್ದು, ಎಷ್ಟು ಕೊರೆಯುತ್ತದೆ ಅಂತ ನಿಮಗೆ ತಿಳಿಯುವುದಿಲ್ಲ. ಬೇಡ.

ಕೈಯಲ್ಲಿ ಮಾಡುವುದೇ ಕ್ಷೇಮ ಅನ್ನುವುದು ನನ್ನ ಅನುಭವ. ಕಾರು ನೆರಳಲ್ಲಿರಬೇಕು, ತಗಡು ತಣ್ಣಗಿರಬೇಕು. ಕಪ್ಪು ಪ್ಲಾಸ್ಟಿಕ್ ಭಾಗ, ರಬ್ಬರ್ ಬೀಡಿಂಗ್, ಬಾಗಿಲಿನ ಅಂಚು, ಬಾನೆಟ್ಟಿನ ಮಡಿಕೆಯ ಗೆರೆ, ಎಲ್ಲದಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚಿನಲ್ಲೂ ಮಡಿಕೆಯಲ್ಲೂ ಪದರ ತೆಳು, ಉಜ್ಜುವಾಗ ಒತ್ತಡವೂ ಅಲ್ಲೇ ಜಾಸ್ತಿ ಬೀಳುತ್ತದೆ. ನನ್ನ ಬಾನೆಟ್ ಹಾಳಾದದ್ದೂ ಅಲ್ಲೇ. ಸ್ಪಂಜಿಗೆ ಒಂದು ರೂಪಾಯಿ ನಾಣ್ಯದಷ್ಟು ಪಾಲಿಶ್ ಹಾಕಿ. ಒಂದೊಂದು ಸಲಕ್ಕೆ ಒಂದೂವರೆ ಅಡಿ ಚೌಕ ಸಾಕು. ಮಗುವಿಗೆ ಎಣ್ಣೆ ಹಚ್ಚುವಷ್ಟೇ ಒತ್ತಿ, ಉದ್ದಕ್ಕೆ, ಅಡ್ಡಕ್ಕೆ. ಆಮೇಲೆ ಒರೆಸಿ ಬೆಳಕಿಗೆ ನೋಡಿ. ಮುಕ್ಕಾಲು ಪಾಲು ಗೆರೆ ಹೋಗಿದ್ದರೆ ನಿಲ್ಲಿಸಿ. ಉಳಿದ ಕಾಲು ಭಾಗವನ್ನು ಬೆನ್ನಟ್ಟಿ ಹೋಗಬೇಡಿ.

ಮೆಷಿನ್ ಬೇಕೆನ್ನುವವರು ಡ್ಯುಯಲ್ ಆಕ್ಷನ್ ಮೆಷಿನ್ ತಗೊಳ್ಳಿ. ಅದು ತಿರುಗುತ್ತಾ ಓಲಾಡುತ್ತದೆ, ಒಂದೇ ಕಡೆ ಅಷ್ಟು ಬೇಗ ಬಿಸಿ ಏರುವುದಿಲ್ಲ. ಗ್ಯಾರೇಜಿನ ರೋಟರಿ ಮೆಷಿನ್ ಓಲಾಡದೆ ಒಂದೇ ಸಮನೆ ತಿರುಗಿ ಕ್ಷಣದಲ್ಲಿ ತಗಡು ಕಾಯಿಸುತ್ತದೆ, ಕಲಿತ ಕೈಯೇ ಆಗಬೇಕು. ಗ್ಯಾರೇಜಿಗೆ ಕೊಡುವವರು ಪೇಂಟಿನ ದಪ್ಪ ಅಳೆಯುವ ಮೀಟರ್ ಇದೆಯಾ ಅಂತ ಕೇಳಿ. ಎಲ್ಲ ಪದರ ಸೇರಿ ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಎಲ್ಲೋ ಒಂದು ಕಡೆ ಮಾತ್ರ 80 ಬಂದರೆ ಅಲ್ಲಿ ಮೆಷಿನ್ ಇಡಲು ಬಿಡಬೇಡಿ. ಉಜ್ಜುವಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿತೋ, ಅಲ್ಲಿಗೇ ಕೈ ತೆಗೆಯಿರಿ. ಹೊಳಪಿಲ್ಲದ ಮ್ಯಾಟ್ ಪೇಂಟಿಗೆ ಪಾಲಿಶ್ ಮುಟ್ಟಿಸಲೇಬಾರದು.

ವರ್ಷಕ್ಕೊಮ್ಮೆ ಪಾಲಿಶ್ ಅಂದರೂ ನನಗೆ ಜಾಸ್ತಿಯೇ. ವ್ಯಾಕ್ಸ್ ಮಾತ್ರ ಮೂರು ತಿಂಗಳಿಗೊಮ್ಮೆ ತೆಳ್ಳಗೆ ಹಚ್ಚಿ. ಹಕ್ಕಿ ಹಿಕ್ಕೆ ಬಿದ್ದರೆ ಕೆರೆಯಬೇಡಿ, ಒದ್ದೆ ಬಟ್ಟೆ ಮೇಲಿಟ್ಟು ಐದು ನಿಮಿಷ ನೆನೆಸಿ ಎತ್ತಿ, ಅದೂ ಅದೇ ದಿನ.

ಇನ್ನು ಆಯುಧಪೂಜೆ. ಪೂಜೆ ಖಂಡಿತ ಮಾಡಿ, ನಾನೂ ಒಂದು ವರ್ಷ ಬಿಟ್ಟವಳಲ್ಲ. ಗಂಧ, ಕುಂಕುಮ, ವಿಭೂತಿಯನ್ನು ಗಾಜಿನ ಮೇಲೆ ಇಟ್ಟರೆ ಒಳ್ಳೆಯದು. ಬಾಳೆಕಂದನ್ನು ಬಂಪರಿಗೆ ಕಟ್ಟುವಾಗ ತಂತಿ ಬೇಡ, ಹತ್ತಿ ದಾರದಲ್ಲಿ ಕಟ್ಟಿ. ಅದನ್ನು ಕಟ್ಟಿಕೊಂಡು ಊರೆಲ್ಲ ಓಡಿಸಿದರೆ ಎಲೆ ದಂಟು ಅಲುಗಾಡಿ ಬಣ್ಣ ತಿಕ್ಕುತ್ತದೆ, ಜೊತೆಗೆ ಬಾಳೆಯ ಕರೆ ಬೇರೆ. ಬಟ್ಟೆಗೆ ಹತ್ತಿದ ಕರೆಯೇ ಹೋಗುವುದಿಲ್ಲ, ಅಲ್ವಾ? ಮರುದಿನ ಬೆಳಿಗ್ಗೆ ಎಲ್ಲ ಬಿಚ್ಚಿ, ಬಟ್ಟೆ ಹಿಡಿಯುವ ಮುಂಚೆ ಮೇಲಿನಿಂದ ನೀರು ಸುರಿಯಿರಿ. ಕುಂಕುಮ ನೀರಿನ ಜೊತೆ ತಾನೇ ಇಳಿದುಹೋಗಲಿ.