ಸದ್ದಿನಿಂದ ಸಿಲಿಂಡರ್ ಎಣಿಸಿದ ನನ್ನ ಅನುಭವ

ಕಾಸರಗೋಡಿನಲ್ಲಿ ವಿಚಿತ್ರ ಗಾಡಿಗಳಿಗೆ ಬರವಿಲ್ಲ. ಕಾರ್ನೆ (ಹೊರದೇಶದ ಗಾಡಿಯನ್ನು ಸುಂಕ ಕಟ್ಟದೆ ಸ್ವಲ್ಪ ಕಾಲಕ್ಕೆ ತರಲು ಬಿಡುವ ದಾಖಲೆ) ಮೇಲೆ ಆರು ತಿಂಗಳಿಗೆಂದು ಬಂದ ದುಬೈ ಪ್ಲೇಟಿನ ಮಸ್ಟಾಂಗ್ ಇದೆ, ಲ್ಯಾಂಡ್ ಕ್ರೂಸರ್ ಇದೆ. ಯಾವ ಕಾಲದಲ್ಲೋ ಬಂದು ಶೆಡ್ಡಿನಲ್ಲೇ ಉಳಿದ ಹಳೆ ಮಾಡೆಲ್ ಡಬ್ಲ್ಯು123 ಬೆಂಜ್‌ಗಳೂ ಇವೆ. ಆದರೆ ಬ್ಯಾಡ್ಜ್ ನಂಬುವ ಹಾಗಿಲ್ಲ. ನಾಲ್ಕು ಸಿಲಿಂಡರಿನ 240ಡಿ ಬೆಂಜ್ ಹಿಂದೆ ಐದು ಸಿಲಿಂಡರಿನ 300ಡಿ ಎಂದಿರುತ್ತದೆ. ನಾಲ್ಕು ಸಿಲಿಂಡರಿನ 2.3 ಇಕೋಬೂಸ್ಟ್ ಮಸ್ಟಾಂಗಿಗೆ ವಿ8 (ಎಂಟು ಸಿಲಿಂಡರ್) ಎಂಜಿನ್ನಿನ ಜಿಟಿ ಬ್ಯಾಡ್ಜ್ ಅಂಟಿಸಿರುತ್ತಾರೆ. ಬಾನೆಟ್ ತೆಗೆದು ತೋರಿಸಿ ಎಂದು ಗುರುತಿಲ್ಲದವರನ್ನು ಕೇಳಲಿಕ್ಕಾಗುತ್ತದಾ?

ಮೊದಲು ದುಡ್ಡು ಸುರಿದದ್ದು ಕ್ಯಾಮೆರಾಕ್ಕೆ. ಸೆಕೆಂಡ್ ಹ್ಯಾಂಡ್ ಝೂಮ್ ಕ್ಯಾಮೆರಾ, ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ವೀಲು, ಲೈಟು, ಗಾಜಿನ ಮೇಲಿನ ಡೇಟ್ ಕೋಡು ಎಲ್ಲ ಸಿಗುತ್ತದೆ, ಎಂಜಿನ್ ಮಾತ್ರ ಗೊತ್ತಾಗುವುದಿಲ್ಲ. ಗಾಜು ಬದಲಾಯಿಸಿದ ಗಾಡಿಯಾದರೆ ಕೋಡೂ ದಂಡ.

ಆಮೇಲೆ ಎಂಜಿನ್ನಿನ ಸದ್ದು ರೆಕಾರ್ಡ್ ಮಾಡಿ, ಗ್ರಾಫ್ ತೆಗೆದು ಸಿಲಿಂಡರ್ ಎಣಿಸಲು ಹೊರಟೆ. ಗೆಳೆಯರು ಬಿದ್ದು ಬಿದ್ದು ನಕ್ಕರು. "ಮಾರಾಯ, ಕಿವಿಯಲ್ಲಿ ಗೊತ್ತಾಗದ್ದು ಫೋನಿಗೆ ಗೊತ್ತಾಗುತ್ತದಾ?" ಎಂದರು. ನಮ್ಮ ಮೆಕ್ಯಾನಿಕ್ ಕಾಕ ಒಂದು ಮಾತೂ ಆಡಲಿಲ್ಲ, ಸುಮ್ನೆ ಸ್ಪಾನರ್ ಎತ್ತಿಕೊಂಡು ಒಳಗೆ ಹೋದರು.

ಶುರುವಿನಲ್ಲಿ ಅವರೇ ಸರಿ ಅನ್ನಿಸಿತು. ಫೋನಿನ ರೆಕಾರ್ಡರ್ ತಗ್ಗು ಸದ್ದನ್ನು ಗದ್ದಲ ಎಂದುಕೊಂಡು ಅಳಿಸಿಬಿಡುತ್ತದೆ. ರಸ್ತೆಯಲ್ಲಿ ಓಡುವ ಗಾಡಿಯ ಎಂಜಿನ್ ಸುತ್ತುವ ವೇಗ, ಅಂದರೆ ಆರ್‌ಪಿಎಂ ಒಂದೇ ಸಮ ಇರುವುದಿಲ್ಲ, ಗ್ರಾಫಿನಲ್ಲಿ ಬರೀ ಕೆಸರು. ತಲಪಾಡಿ ಟೋಲಿನಲ್ಲಿ ನಿಂತು ನೋಡಿದೆ, ಫಾಸ್ಟ್‌ಟ್ಯಾಗ್ ಬಂದ ಮೇಲೆ ಯಾರೂ ಸರಿಯಾಗಿ ನಿಲ್ಲುವುದೇ ಇಲ್ಲ. ರೈಲ್ವೆ ಗೇಟಿನಲ್ಲಿ ನಿಲ್ಲುತ್ತಾರೆ, ಆದರೆ ಎಂಜಿನ್ ಆಫ್ ಮಾಡುತ್ತಾರೆ!

ಕೊನೆಗೆ ಸಿಕ್ಕ ಜಾಗ ಮದುವೆ ಹಾಲಿನ ಪಾರ್ಕಿಂಗ್. ಗಲ್ಫಿನವರು ರಜೆಗೆ ಬಂದಾಗ ಮದುವೆಗಳೂ ಜಾಸ್ತಿ, ಡ್ರೈವರ್ ಎಸಿ ಹಾಕಿಕೊಂಡು ಗಾಡಿಯಲ್ಲೇ ಕುಳಿತಿರುತ್ತಾನೆ. ಐದು ಸೆಕೆಂಡು ಐಡಲ್ (ನಿಂತ ಗಾಡಿಯ ಎಂಜಿನ್ ಸುಮ್ಮನೆ ಓಡುವ ಸದ್ದು) ಸಿಕ್ಕಿದರೆ ಸಾಕು. ಕಾಲರ್ ಮೈಕ್ ಸಾವಿರದ ಆಸುಪಾಸು, ಗಾಳಿ ತಡೆಯುವ ರೋಮದ ಟೊಪ್ಪಿ ಇನ್ನೂರೋ ಮುನ್ನೂರೋ. ಸದ್ದನ್ನು ಕುಗ್ಗಿಸದ ವೇವ್ ಫೈಲ್ ಆಗಿಯೇ ರೆಕಾರ್ಡ್ ಮಾಡಬೇಕು. ಕಂಪ್ಯೂಟರಿನ ಒಡಾಸಿಟಿ ಎಂಬ ಸದ್ದಿನ ಪ್ರೋಗ್ರಾಮಿಗೆ ಹಾಕಿ ಸ್ಪೆಕ್ಟ್ರಮ್ (ಎಷ್ಟು ಹರ್ಟ್ಸಿನ ಸದ್ದು ಎಷ್ಟು ಜೋರಿದೆ ಎಂಬ ಗ್ರಾಫ್) ತೆಗೆಯಿರಿ, ಸೈಜ್ 65536 ಇಡಿ. ತೀರಾ ಕೆಳಗೆ ಹುಡುಕಬೇಡಿ, ಮೈಕ್ ಅಲ್ಲಿಗೆ ಇಳಿಯುವುದಿಲ್ಲ. 100ರಿಂದ 400 ಹರ್ಟ್ಸ್ ನಡುವೆ ನೋಡಿ.

ಅಲ್ಲಿ ಸ್ಕೇಲಿನ ಗೆರೆಗಳ ಹಾಗೆ ಒಂದು ಎತ್ತರದ ಗೆರೆ, ಮಧ್ಯೆ ಸಣ್ಣ ಗೆರೆಗಳು. ಎರಡು ಎತ್ತರದ ಗೆರೆಗಳ ನಡುವೆ ಎಷ್ಟು ಸಣ್ಣ ಅಂತರ ಇದೆಯೋ ಅಷ್ಟು ಸಿಲಿಂಡರ್. ಎತ್ತರದ ಗೆರೆ ಸಿಲಿಂಡರುಗಳು ಒಂದಾದ ಮೇಲೊಂದು ಉರಿಯುವ ಸದ್ದಿನದು, ಸಣ್ಣ ಗೆರೆ ಅವುಗಳ ಉರಿಯಲ್ಲಿರುವ ವ್ಯತ್ಯಾಸದ್ದು. ಐಡಲ್ ನಿಮಿಷಕ್ಕೆ 750 ಸುತ್ತು ಇದ್ದರೆ ಸಣ್ಣ ಅಂತರ 6 ಹರ್ಟ್ಸ್ ಚಿಲ್ಲರೆ. ಎತ್ತರದ ಗೆರೆ ನಾಲ್ಕು ಸಿಲಿಂಡರಿಗೆ 25 ಹರ್ಟ್ಸಿಗೊಂದು, ಐದಕ್ಕೆ 31ಕ್ಕೊಂದು. ಆರ್‌ಪಿಎಂ ಗೊತ್ತಿರಬೇಕೆಂದೇ ಇಲ್ಲ, ಎಣಿಸಿದರಾಯಿತು. ಎಸಿ ಮತ್ತು ಫ್ಯಾನಿನ ಗೆರೆಗಳು ಈ ಲೆಕ್ಕಕ್ಕೆ ಕೂರುವುದಿಲ್ಲ. ಅವನ್ನು ತೆಗೆದುಹಾಕಲು ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಮೈಕ್ ಎಲ್ಲಿಡುತ್ತೇನೆ ಎಂಬುದೂ ಅಷ್ಟೇ.

ಪರೀಕ್ಷೆಗೆ ಗೆಳೆಯನ ಐದು ಸಿಲಿಂಡರಿನ ಫೋರ್ಡ್ ಎಂಡೇವರ್ 3.2 ತಂದೆ. ಐದು ಅಂತರ ಸ್ಪಷ್ಟ. ಇನ್ನೊಬ್ಬನ ನಾಲ್ಕು ಸಿಲಿಂಡರಿನ 2.2ರಲ್ಲಿ ನಾಲ್ಕು. ಆಮೇಲೆ ಆ 300ಡಿ ಬ್ಯಾಡ್ಜಿನ ಬೆಂಜ್. ಗ್ರಾಫ್ ನಾಲ್ಕು ಎಂದಿತು. ಕಾಕ ಒಪ್ಪಲಿಲ್ಲ. ಗಾಡಿ ಸರ್ವಿಸಿಗೆ ಅವರ ಹತ್ತಿರವೇ ಬಂದಾಗ ಚಾಸಿ ನಂಬರ್ ನೋಡಿದೆವು, 123.123! ಅಂದರೆ 240ಡಿ. ನಿಜವಾದ 300ಡಿ ಆದರೆ 123.130 ಇರಬೇಕಿತ್ತು. ಆ ದಿನದ ಚಾ, ಪಫ್ಸ್ ಎರಡೂ ಕಾಕನ ಖರ್ಚು.

ಹೊಸ ಪೆಟ್ರೋಲ್ ಗಾಡಿಗಳಲ್ಲಿ ಸಣ್ಣ ಗೆರೆ ಮಸುಕು, ಎಲ್ಲ ಸಿಲಿಂಡರ್ ಒಂದೇ ಸಮ ಉರಿಯುತ್ತವಲ್ಲ. ಹಳೆ ಡೀಸೆಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಇಂಜೆಕ್ಟರ್ ಕೆಟ್ಟಿದ್ದರೆ ಇನ್ನೂ ಚೆನ್ನ. ಮಸ್ಟಾಂಗಿನಲ್ಲಿ ಎತ್ತರದ ಗೆರೆಗಳ ದೂರ ನೋಡಿದರೇ ಸಾಕು. ಹೆಚ್ಚುಕಡಿಮೆ ಅದೇ ಐಡಲ್‌ನಲ್ಲಿ ವಿ8ಗೆ ಅದು ನಾಲ್ಕು ಸಿಲಿಂಡರಿನ ದುಪ್ಪಟ್ಟು.

ಮಳೆಗಾಲದಲ್ಲಿ ಮದುವೆ ಇಲ್ಲದಾಗ ಅಡಿಕೆಗೆ ಮದ್ದು ಬಿಡುವ ಪಂಪಿನ ಎಂಜಿನ್ನನ್ನೂ ಬಿಡಲಿಲ್ಲ. ಒಂದೇ ಸಿಲಿಂಡರ್, ಎಲ್ಲ ಗೆರೆಯೂ ಎತ್ತರ, ಎಣಿಸಲು ಏನೂ ಇಲ್ಲ. ತೋಟದ ಕೆಲಸದವರು ಮೈಕ್ ನೋಡಿ ರೇಡಿಯೋದವನು ಎಂದುಕೊಂಡರು.

ಸಾಲು ಆರು (ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿ) ಮತ್ತು ವಿ6 (ಮೂರು ಮೂರರಂತೆ ವಿ ಆಕಾರದಲ್ಲಿ) ಬೇರೆ ಮಾಡಲು ಮಾತ್ರ ಇನ್ನೂ ಆಗಿಲ್ಲ. ಸಾಲು ಆರಿನ ನಿಸ್ಸಾನ್ ಪಟ್ರೋಲ್ 4.8 ಮತ್ತು ವಿ6ನ ಟೊಯೊಟಾ ಪ್ರಾಡೊ 4.0 ಎರಡೂ ಆರು ಎಂದೇ ತೋರಿಸುತ್ತವೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇವೆರಡರ ಒಳ್ಳೆ ರೆಕಾರ್ಡಿಂಗ್ ಇದ್ದರೆ ಕೊಡಿ, ವೇವ್ ಫೈಲ್ ಆಗಿಯೇ.